ಎರಡು ಕಣ್ಣಿನ ಸ್ಕ್ರೂ

ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೆಟ್ಟಿದ್ದು ಸೋಮವಾರ. ಭಾನುವಾರ ಕುಣಿಗಲ್‌ನಲ್ಲಿ ಶ್ರೀವಾಣಿಯ ತಂಗಿ ಅಪರ್ಣಳ ಗೃಹಪ್ರವೇಶ. ಗಂಟಲಿನ ಆಪರೇಷನ್ ಆದಮೇಲೆ ಎಂಟು ತಿಂಗಳಿಂದ ಹಾಡದೇ ಇದ್ದ ಶ್ರೀವಾಣಿ, ಅಲ್ಲಿ ಒಂದು ದೇವರನಾಮ ಹೇಳಲು ಒಪ್ಪಿಕೊಂಡಿದ್ದಳು. ಒಂದೇ ಷರತ್ತು, ಪಕ್ಕದಲ್ಲಿ ಈ ಪೆಟ್ಟಿಗೆ ಇರಬೇಕು. ಇಪ್ಪತ್ತು ವರ್ಷ ಅದರ ಜೊತೆಗೇ ಹಾಡಿದವಳು. ಗಂಡ ರಘುನಂದನ ಮೊಬೈಲಿನಲ್ಲಿ ತಂಬೂರಿ ನಾದ ಹಾಕಿ ತೋರಿಸಿದ.

"ಸೊಳ್ಳೆ ಕೂಗ್ದಂಗಿದೆ ಕಣ್ರೀ. ಆಫ್ ಮಾಡಿ."

ಮನೆ ಮತ್ತೆ ಸುಮ್ಮನಾಯಿತು. ಆ ಎಂಟು ತಿಂಗಳ ಮೌನದ ಪರಿಚಯ ರಘುನಂದನನಿಗೆ ಚೆನ್ನಾಗಿಯೇ ಇತ್ತು. ಅದಕ್ಕೇ ಹೆದರಿದ.

ಪೆಟ್ಟಿಗೆಯ ಮುಖದ ನಾಲ್ಕು ಮೂಲೆಗೂ ಒಂದೊಂದು ಸ್ಕ್ರೂ. ತಲೆಯ ಮೇಲೆ ಗೀಟಿಲ್ಲ, ಪ್ಲಸ್ ಗುರುತಿಲ್ಲ; ಅಕ್ಕಪಕ್ಕ ಚುಕ್ಕಿಯಂಥ ಎರಡು ಕಪ್ಪು ತೂತು, ಕಣ್ಣುಗಳ ಹಾಗೆ. ಹೊರಗಿನವರು ಬಿಚ್ಚಬಾರದೆಂದೇ ಕಂಪನಿ ಹಾಕಿದ್ದು. ಆ ಕಂಪನಿಯೇ ಮುಚ್ಚಿ ಹತ್ತು ವರ್ಷವಾಗಿತ್ತು. ತುಮಕೂರಿನಲ್ಲಿ ಮೂರು ಅಂಗಡಿ ಸುತ್ತಿದರೂ ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಸಿಗಲಿಲ್ಲ. ಕೊನೆಯ ಅಂಗಡಿಯವನು ಹೇಳಿದ, "ಗುಬ್ಬೀಲಿ ನಯಾಜ್ ಅಹಮದ್ ಅಂತ ಅವ್ರೆ ಸಾರ್, ಮಿಕ್ಸಿ ರಿಪೇರಿಯೋರು. ಇಲ್ದೇ ಇರೋ ಟೂಲನ್ನ ಅವ್ರೇ ಮಾಡ್ಕೋತಾರೆ."

ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಗುಬ್ಬಿಗೆ ಹೋದರು. ನಯಾಜ್ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ರಘುನಂದನನಿಗೆ ಅಷ್ಟರಲ್ಲೇ ನಂಬಿಕೆ ಹುಟ್ಟಿತು. ಅವರು ಒಂದು ಹಳೆಯ ಚಪ್ಪಟೆ ಸ್ಕ್ರೂಡ್ರೈವರ್ ಹಿಡಿದು, ಅದರ ತುದಿಯ ನಡುವೆ ಅರದಿಂದ ಉಜ್ಜತೊಡಗಿದರು. ಕಾಲು ಗಂಟೆಯಲ್ಲಿ ಆಚೆಗೊಂದು ಈಚೆಗೊಂದು ಹಲ್ಲು ಮಾತ್ರ ಉಳಿಯಿತು. ಸ್ಕ್ರೂ ಮೇಲಿಟ್ಟು ಒತ್ತಿದರು. ಜಾರಿತು. ಮತ್ತೆ ಉಜ್ಜಿದರು. ಮತ್ತೆ ಜಾರಿತು.

"ಹಲ್ಲು ಕರೆಕ್ಟಾಗೇ ಐತಲ್ಲ," ಎನ್ನುತ್ತಾ ಭೂತಗನ್ನಡಿ ಹಿಡಿದು ನೋಡಿದವರು ನಕ್ಕುಬಿಟ್ಟರು. "ಸಾರ್, ಆಯುಧಪೂಜೆ ಜೋರಾಗಿ ಮಾಡ್ತೀರಾ?"

"ಪ್ರತಿವರ್ಷ ಮಾಡ್ತೀನಿ. ಯಾಕೆ?"

"ತೂತೆಲ್ಲ ಕುಂಕುಮ ಮೆತ್ಕೊಂಡು ಕಲ್ಲಾಗೈತೆ. ಕಂಪನಿಯೋರು ಒಂದು ಬೀಗ ಹಾಕಿದ್ರೆ, ಮೇಲೊಂದು ನೀವು ಹಾಕಿದೀರ."

"ಇವ್ರೇ! ಬೆರಳಲ್ಲಿ ಒತ್ತಿ ಒತ್ತಿ ಇಡ್ತಾರೆ. ಸ್ಕ್ರೂ ಮೇಲೇ ಇಟ್ರೆ ನಾಲ್ಕೂ ಸಮ ಕಾಣುತ್ತಂತೆ," ಎಂದಳು ಶ್ರೀವಾಣಿ. ರಘುನಂದನ ತಲೆ ಕೆರೆದುಕೊಂಡ.

ಅವಳು ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಒಂದೊಂದು ಕಣ್ಣನ್ನೂ ಕೆದಕಿದಳು. ಇಪ್ಪತ್ತು ವರ್ಷದ ಕುಂಕುಮ ಸೀರೆಯ ಮೇಲೆ ಪುಡಿಪುಡಿಯಾಗಿ ಉದುರಿತು. ಆಮೇಲೆ ಹಲ್ಲುಗಳು ಸಲೀಸಾಗಿ ಕೂತವು. ಸ್ಕ್ರೂ ಕಿರ್ರೆಂದು ತಿರುಗಿತು. ಒಳಗೆ ಒಂದು ವೈರು ಬಿಟ್ಟುಕೊಂಡಿತ್ತು, ಅಷ್ಟೇ. ನಯಾಜ್ ಬೆಸುಗೆ ಹಾಕಿ ಸ್ವಿಚ್ ಒತ್ತಿದರು.

ಹಳೆಯ ನಾದ ಅಂಗಡಿ ತುಂಬಿಕೊಂಡಿತು. ಶ್ರೀವಾಣಿ ಕೇಳುತ್ತಾ ಕೂತಳು. ಆಮೇಲೆ ಕೈಚಾಚಿ, ಗುಂಡಿ ತಿರುಗಿಸಿ ಶ್ರುತಿಯನ್ನು ಒಂದು ಮನೆ ಕೆಳಗಿಳಿಸಿದಳು, ಸ್ವಲ್ಪ ತಡೆದು ಇನ್ನೊಂದು ಮನೆ. ಆಪರೇಷನ್ನಿಗೆ ಮುಂಚೆ ಅಷ್ಟು ಕೆಳಗೆ ಅವಳು ಎಂದೂ ಹಾಡಿದವಳಲ್ಲ.

"ನಾಳೆಗೆ ಇದೇ ಇರ್ಲಿ," ಎಂದು, ಕಣ್ಣು ಮುಚ್ಚಿ ಷಡ್ಜ ಹಿಡಿದಳು. ದನಿ ಮೊದಲು ಒಡೆಯಿತು, ಆಮೇಲೆ ಅಲುಗದೆ ನಿಂತಿತು.

"ಹಳೇ ಸ್ಕ್ರೂನೇ ಹಾಕ್ಲಾ ಸಾರ್?" ನಯಾಜ್ ಪಿಸುಗುಟ್ಟಿದರು.

ರಘುನಂದನ ಅವಳನ್ನೇ ನೋಡುತ್ತಾ, ತಾಳಿ ಎಂದು ಕೈಯಲ್ಲೇ ಸನ್ನೆ ಮಾಡಿದ.