ಸರೋವರದ ಪರದೆ

ದೊಡ್ಡೇರಿ ಊರಿನವರು ಕೇಳಿದ್ದು ಒಂದು ಸರೋವರ. ಶಿರಾದ ಫಕ್ರುದ್ದೀನ್ ಸಾಬರಿಗೆ ಅದೇನು ಹೊಸದಲ್ಲ. ನಾಟಕದ ಪರದೆ ಬರೆಯುತ್ತಲೇ ಅವರ ಗಡ್ಡ ಬೆಳ್ಳಗಾಗಿತ್ತು. ಪಾವಗಡದಿಂದ ಕೊರಟಗೆರೆಯವರೆಗೆ ಯಾವ ಊರಲ್ಲಿ ಕುರುಕ್ಷೇತ್ರ ಆಡಿದರೂ ಹಿಂದೆ ತೂಗುವ ಅರಮನೆ, ಕಾಡು, ರಾಜಬೀದಿ ಬಹುಪಾಲು ಸಾಬರ ಕೈಯದೇ. ಸರೋವರವೆಂದರೆ ಐದು ತಾವರೆ, ಎರಡು ಹಂಸ, ನಾಲ್ಕು ಮೆಟ್ಟಿಲು. ನಿದ್ದೆಗಣ್ಣಲ್ಲೂ ಬರೆದುಬಿಡುತ್ತಿದ್ದರು.

ಎಡವಟ್ಟು ಮಾಡಿದವರು ನಾಟಕದ ಮೇಷ್ಟ್ರು ಮಲ್ಲಿಕಾರ್ಜುನಯ್ಯ. ನಾಲ್ಕು ಜನರೆದುರು ತಮ್ಮ ಬುದ್ಧಿ ತೋರಿಸಿಕೊಳ್ಳುವ ಚಪಲ ಅವರಿಗೆ.

"ನೀರಿನ ಮೇಲಿಂದು ಎಲ್ರೂ ಬರೀತಾರೆ ಸಾಬ್ರೆ. ನಮ್ಮ ದುರ್ಯೋಧನ ಹೋಗಿ ಅಡಗೋದು ನೀರಿನ ತಳದಾಗೆ. ನಮಗೆ ತಳ ಬರ್ಕೊಡಿ," ಎಂದರು.

"ಅದಕ್ಕೇನಂತೆ," ಎಂದು ಸಾಬರು ಒಪ್ಪಿಕೊಂಡರು. ಒಪ್ಪಿದ ಮೇಲೆ ಯೋಚನೆ ಬಂತು. ತಳ ಹೇಗಿರುತ್ತದೆ? ನೀರಿನಡಿಯೂ ನೆಲವೇ ತಾನೇ?

ಯಾವ ಊರಿನ ಪರದೆಯೋ ಆ ಊರಿನದೇ ಮಣ್ಣು ಅರೆದು ಬಣ್ಣ ಮಾಡುವುದು ಸಾಬರ ತಂದೆಯ ಕಾಲದಿಂದ ಬಂದ ಪದ್ಧತಿ. ಬುಟ್ಟಿ ಹಿಡಿದು ಮಣ್ಣಿಗೆಂದು ಹೊಲಗಳ ಕಡೆ ಹೋದವರಿಗೆ, ದುರ್ಯೋಧನನ ಪಾತ್ರ ಮಾಡುವ ಅಂಜನಪ್ಪನ ಹೊಲದಲ್ಲಿ, ಅರ್ಧಕ್ಕೆ ಬಿಟ್ಟ ಬಾವಿಯ ಪಕ್ಕ, ಒಂದು ಜೀಪು ಕಂಡಿತು. ಅದು ಸರ್ಕಾರದ ಕಲ್ಲಿನ ಸಾಹೇಬರದು. ಅರವತ್ತಮೂರನೇ ಇಸವಿಯಲ್ಲಿ ಆ ಸಾಹೇಬರು ಮಧುಗಿರಿ ಸೀಮೆಯ ಬಂಡೆಗಳನ್ನೆಲ್ಲ ಸುತ್ತಿಗೆಯಿಂದ ತಟ್ಟಿ, ಚೂರು ತೆಗೆದು, ಚೀಟಿ ಅಂಟಿಸುತ್ತ ತಿರುಗುತ್ತಿದ್ದರು. ಅವರಿಗೆ ತಲೆ ಸರಿಯಿಲ್ಲವೆಂದು ಊರವರು ತೀರ್ಮಾನಿಸಿ ಆಗಿತ್ತು.

"ನೆಲದ ತಳ ನೋಡಬೇಕಿತ್ತು ಸಾಹೇಬರೇ," ಎಂದರು ಫಕ್ರುದ್ದೀನ್.

"ಇಳಿಯಿರಿ, ತೋರಿಸುತ್ತೇನೆ."

ಬಾವಿಯ ಗೋಡೆಯಲ್ಲಿ ಕಡೆದ ಗೂಡುಗಳಲ್ಲಿ ಕಾಲಿಟ್ಟು ಇಬ್ಬರೂ ಇಳಿದರು. ಮೇಲೆ ಕೆಮ್ಮಣ್ಣು. ಅದರ ಕೆಳಗೆ ಕಲ್ಲುಹರಳು ತುಂಬಿದ ಗರಸು. ಆಮೇಲೆ ಉಗುರಲ್ಲಿ ಕೆರೆದರೆ ಉದುರುವ ಹಳದಿ ಮೆದುಗಲ್ಲು. ಅದನ್ನು ಓರೆಯಾಗಿ ಸೀಳಿಕೊಂಡು ಹೋದ ಬಿಳಿ ಬೆಣಚಿನ ಪಟ್ಟಿ. ಕೊನೆಗೆ ಕಪ್ಪು ಬಂಡೆ. ಸಾಹೇಬರು ಆ ಬಂಡೆಯ ಮೇಲೆ ಕೈಯಿಟ್ಟು, "ಇದಕ್ಕೆ ಇನ್ನೂರು ಕೋಟಿ ವರ್ಷಕ್ಕೂ ಮೇಲೆ," ಎಂದರು. ಅವರು ಹೇಳಿದ ಧಾಟಿ, ತಮ್ಮ ಅಜ್ಜನಿಗೆ ಎಂಬತ್ತು ಎನ್ನುವಷ್ಟು ಸಲೀಸಾಗಿತ್ತು.

"ಇದರ ಕೆಳಗೆ?"

"ಇನ್ನೂ ಹಳೆಯದು."

"ಅದರ ಕೆಳಗೆ?"

ಸಾಹೇಬರು ನಕ್ಕುಬಿಟ್ಟರು. "ನನಗೂ ಗೊತ್ತಿಲ್ಲ."

ಅಂದಿನಿಂದ ಸಾಬರ ತಲೆ ಕೆಟ್ಟ ಗಡಿಯಾರದಂತಾಯಿತು. ಬಾಬಾ ಆದಮರಿಂದ ಹಿಡಿದು ಪೈಗಂಬರರನ್ನೆಲ್ಲ ಬೆರಳು ಮಡಿಚಿ ಎಣಿಸಿದರು. ಎಷ್ಟು ಎಳೆದರೂ ಕೆಲವು ಸಾವಿರ ವರ್ಷ ದಾಟಲಿಲ್ಲ. ನಿಮ್ಮ ಲೆಕ್ಕ ಹೇಗೆಂದು ಮೇಷ್ಟ್ರನ್ನು ಕೇಳಿದರೆ, ದ್ವಾಪರಯುಗಕ್ಕೆ ಎಂಟು ಲಕ್ಷ ವರ್ಷದ ಮೇಲೆ ಎಂದರು. ಅದೂ ಬಾವಿಯ ಅರ್ಧಕ್ಕೆ ಸಾಲದು. ವಾರಕ್ಕೊಮ್ಮೆ ಶಿರಾಕ್ಕೆ ಹೋದಾಗ ಹೆಂಡತಿ ಜಮೀಲಾಗೆ ಹೇಳಿದರು. ಅವಳು ಹಣೆ ಮುಟ್ಟಿ ನೋಡಿ, ಬಿಸಿಲಲ್ಲಿ ತಿರುಗಬೇಡಿ ಎಂದಳು.

ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಕಸುಬಿನ ಮಾತು. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂದು ತಂದೆ ಕಲಿಸಿದ್ದರು. ಆದರೆ ಈ ಇನ್ನೂರು ಕೋಟಿ ದೂರದಲ್ಲಿಲ್ಲವಲ್ಲ, ಕಾಲಡಿಯಲ್ಲೇ ಇದೆಯಲ್ಲ! ಅದನ್ನು ಎಷ್ಟು ದೊಡ್ಡದಾಗಿ ಬರೆಯುವುದು? ಒಂದು ದಿನ ತಾವರೆ ಬರೆದರು, ಅಳಿಸಿದರು. ಮೀನು ಬರೆದರು, ಅದನ್ನೂ ಅಳಿಸಿದರು. ಕೊನೆಗೆ ಬಾವಿಯ ಒಂದೊಂದು ಪದರದ ಮಣ್ಣನ್ನೇ ತಂದು, ಅರೆದು, ಅಂಟು ಬೆರೆಸಿ, ಪರದೆಯ ಅಗಲಕ್ಕೂ ಬಳಿಯತೊಡಗಿದರು. ಕೆಂಪು, ಕಂದು, ಹಳದಿ, ಓರೆಯಾದ ಬಿಳಿ, ಕಪ್ಪು. ಮೇಲಂಚಿನಲ್ಲಿ ಕೂದಲೆಳೆಯಷ್ಟು ಹಸಿರು ಎಳೆದು, ನಾವೆಲ್ಲ ಇರುವುದು ಇಷ್ಟರಲ್ಲೇ ಎಂದುಕೊಂಡರು. ಕಪ್ಪಿನ ಕೆಳಗೆ ಏನು ಬರೆಯಬೇಕೆಂದು ತಿಳಿಯದೆ ಒಂದು ಗೇಣು ಬಟ್ಟೆಯನ್ನು ಹಾಗೇ ಬಿಟ್ಟರು.

ತಾವು ಮಾಡಿದ್ದು ಕೆಲಸವೋ ಹುಚ್ಚೋ ಅವರಿಗೇ ಗೊತ್ತಿರಲಿಲ್ಲ. ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಪರದೆಯನ್ನು ಊರೆದುರು ಬಿಚ್ಚಬೇಕು. ಅದರ ಮುಂದೆ ಆಡುವ ಪಾತ್ರಧಾರಿ ಕರ್ಪೂರ ಹಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ಅವನು ನಿಲ್ಲದಿದ್ದರೆ ಪರದೆ ವಾಪಸು. ಒಮ್ಮೆ ವಾಪಸು ಬಂದ ಪರದೆಯವನನ್ನು ಮತ್ತೆ ಯಾವ ಊರೂ ಕರೆಯುವುದಿಲ್ಲ. ಸಾಬರಿಗೆ ಬೇರೆ ಕಸುಬು ಬಾರದು.

ಚಾವಡಿಯ ಮುಂದೆ ಪರದೆ ಬಿಚ್ಚಿದರು.

"ಇದೇನು ಸಾಬ್ರೆ, ಕಂಬಳಿ ಹಾಸ್ದಂಗೈತೆ?" ಎಂದ ಗಂಗಯ್ಯ, ಭೀಮನ ಪಾತ್ರದವನು. ಜನ ಗೊಳ್ಳೆಂದರು.

ಮಲ್ಲಿಕಾರ್ಜುನಯ್ಯನವರ ಮುಖ ಸಪ್ಪಗಾಯಿತು. "ತಳ ಅಂದಿದ್ದು ಹೌದು ಕಣ್ರೀ. ಆದ್ರೆ ಒಂದು ಮೀನಾದ್ರೂ ಬ್ಯಾಡವಾ?"

ಸಾಬರಿಗೆ ಇನ್ನೂರು ಕೋಟಿ ವರ್ಷವೆಂದು ಹೇಳಬೇಕೆನ್ನಿಸಿತು. ಹೇಳಿದರೆ ಇನ್ನೂ ನಗುತ್ತಾರೆ ಎಂದು ಪರದೆಯ ಸುಕ್ಕು ಎಳೆಯತೊಡಗಿದರು. ನಗದೆ ನಿಂತವನು ಒಬ್ಬನೇ, ದುರ್ಯೋಧನನ ಪಾತ್ರದ ಅಂಜನಪ್ಪ. ಅವನು ಕೈಯಲ್ಲಿದ್ದ ಕರ್ಪೂರದ ತಟ್ಟೆಯನ್ನು ನೆಲಕ್ಕಿಟ್ಟ.

"ನಾನು ಇದರ ಮುಂದೆ ನಿಂತ್ಕಳಲ್ಲ. ಮಡಚ್ರೋ ಇದನ್ನ!"

ಸಾಬರಿಗೆ ಏನೊಂದೂ ಅರ್ಥವಾಗಲಿಲ್ಲ. ಚೆನ್ನಾಗಿಲ್ಲ ಎಂದಿದ್ದರೆ ಅರ್ಥವಾಗುತ್ತಿತ್ತು. ಆದರೆ ಅವನ ಕಣ್ಣಲ್ಲಿದ್ದದ್ದು ಭಯ. ಇಬ್ಬರು ಪರದೆ ಸುತ್ತಲು ಬಗ್ಗಿದರು.

"ತಡೀರಪ್ಪ," ಎಂದು ಹೆಂಗಸರ ಗುಂಪಿನಿಂದ ಪುಟ್ಟಕ್ಕ ಎದ್ದು ಬಂದಳು. ನಾಲ್ಕು ವರ್ಷದ ಹಿಂದೆ ಗಂಡ ಪಾಲಪ್ಪನನ್ನು ಕಳೆದುಕೊಂಡವಳು. ಪಾಲಪ್ಪ ಬಾವಿ ತೋಡುವ ಆಳು, ಸತ್ತದ್ದೂ ಬಾವಿಯಲ್ಲೇ. ಯಾವ ಬಾವಿಯೆಂದು ಪರವೂರಿನ ಸಾಬರಿಗೆ ಯಾರೂ ಹೇಳಿರಲಿಲ್ಲ. ನೀರು ಕಾಣುವ ತನಕ ಹೆಂಗಸರು ತೋಡುವ ಬಾವಿಯೊಳಗೆ ಇಣುಕಬಾರದೆಂಬುದು ಆ ಕಡೆಯ ಕಟ್ಟು. ಆ ಬಾವಿಯಲ್ಲಿ ನೀರು ಕಾಣಲೇ ಇಲ್ಲ. ಹಾಗಾಗಿ ಅವಳು ಗಂಡ ಸತ್ತ ಜಾಗವನ್ನು ಒಂದು ದಿನವೂ ಕಂಡವಳಲ್ಲ.

ಪುಟ್ಟಕ್ಕ ಕೆಂಪಿನ ಮೇಲೆ ಕೈಯಿಟ್ಟಳು. "ಯುಗಾದಿ ಆದ್ಮೇಲೆ ಶುರು ಮಾಡಿದ್ದು. ಬರೀ ಕೆಮ್ಮಣ್ಣು ಕಣೇ, ಸಲೀಸು ಅಂದ." ಕೈ ಕೆಳಗಿಳಿಯಿತು. "ಆಮೇಲೆ ಗರಸು. ಅಂಗೈ ಕಿತ್ಕೊಂಡು ಬರೋನು, ಎಣ್ಣೆ ಹಚ್ತಿದ್ದೆ. ಇದು ಹಳದಿ ಕಲ್ಲು, ಬೆಲ್ಲ ಉದುರ್ದಂಗೆ ಉದುರ್ತೈತೆ ಅಂತಿದ್ದ. ಬಿಳೀದು ಬಂದ ದಿವ್ಸ ಮಗೀಗೆ ಆಡಕ್ಕೆ ಅಂತ ಒಂದು ಚೂರು ತಂದಿದ್ದ, ಇನ್ನೂ ಐತೆ." ಕೈ ಕಪ್ಪಿನ ಮೇಲೆ ನಿಂತಿತು. "ಕರೀಕಲ್ಲು ಬಂತು, ಸಿಡಿಸಕ್ಕೆ ಮದ್ದು ಇಕ್ಬೇಕು ಅಂದ. ಮಾರ್ನೆ ದಿವ್ಸ ಬರ್ಲಿಲ್ಲ."

ನಗುತ್ತಿದ್ದವರೆಲ್ಲ ನೆಲ ನೋಡಿದರು. ಅಂಜನಪ್ಪನ ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯಿತು.

"ನಾನೇ ಕಣಕ್ಕಾ ಅವಸರ ಮಾಡಿದ್ದು. ಇವತ್ತೇ ಸಿಡಿಸು ಅಂದೋನು ನಾನೇ."

"ಗೊತ್ತು," ಎಂದಳು ಪುಟ್ಟಕ್ಕ. "ನಿಂತ್ಕೋ. ಅವನು ನಾಕು ವರ್ಷದಿಂದ ಅಲ್ಲಿ ಒಬ್ನೇ ನಿಂತವ್ನೆ."

ಅಂಜನಪ್ಪ ಕರ್ಪೂರ ಹಚ್ಚಿದ. ತಿರುಗಿ, ಕಪ್ಪು ಪಟ್ಟಿಗೆ ಬೆನ್ನು ಕೊಟ್ಟು, ಅದು ಆರುವವರೆಗೂ ನಿಂತ. ಮಲ್ಲಿಕಾರ್ಜುನಯ್ಯ ಮೀನಿನ ಮಾತು ಮತ್ತೆ ಎತ್ತಲಿಲ್ಲ.

ಪರದೆ ಒಪ್ಪಿಗೆಯಾಗಿತ್ತು. ಸಾಬರಿಗೆ ಮಾತ್ರ ಸಂತೋಷಪಡಬೇಕೋ ಕ್ಷಮೆ ಕೇಳಬೇಕೋ ತಿಳಿಯಲಿಲ್ಲ. ಜನ ಚದುರಿದ ಮೇಲೂ ಪುಟ್ಟಕ್ಕ ಪರದೆಯ ಬುಡದಲ್ಲಿ ಕೂತು, ಬಣ್ಣವಿಲ್ಲದ ಆ ಗೇಣು ಬಟ್ಟೆಯನ್ನು ಸವರುತ್ತಿದ್ದಳು.

"ಇದರ ಕೆಳಗೇನೈತೆ ಸಾಬ್ರೆ?"

ಸಾಬರು ಕಲ್ಲಿನ ಸಾಹೇಬರನ್ನು ನೆನೆದರು, ಪೈಗಂಬರರನ್ನು ನೆನೆದರು, ಮೇಷ್ಟ್ರ ಯುಗಗಳನ್ನೂ ನೆನೆದರು. ಈಕೆಗೆ ಕೊಡುವಂಥದ್ದು ಯಾವುದರಲ್ಲೂ ಸಿಗಲಿಲ್ಲ.

"ಗೊತ್ತಿಲ್ಲ ಕಣಮ್ಮ."

"ಅವ್ನೂ ಅಂಗೇ ಅನ್ನೋನು," ಎಂದಳು ಪುಟ್ಟಕ್ಕ. "ದಿನಾ ಸಾಯಂಕಾಲ ಕೇಳ್ತಿದ್ದೆ. ನಾಳೆ ನೋಡ್ಕಂಡು ಬಂದು ಹೇಳ್ತೀನಿ ಅನ್ನೋನು."