ಪೊರೆ ಬಿಡುವ ತನಕ

ಬಂದ ನೆಂಟರೆಲ್ಲ ಹೋಗಿದ್ದರು. ಅಂದು ಬೆಳಿಗ್ಗೆ ಧಾರವಾಡದ ಆ ಮನೆಯಲ್ಲಿ ಮತ್ತೆ ಕುಕ್ಕರ್ ಕೂಗಿತು. ನನಗೆ ಹೊರಗೆ ಕಿವಿಯಿಲ್ಲ. ಅದರ ನಡುಕ ಮೇಜಿನ ಹಲಗೆಯಿಂದ ನನ್ನ ಗಾಜಿನ ಪೆಟ್ಟಿಗೆಗೆ, ಅಲ್ಲಿಂದ ದವಡೆಗೆ ಬಂತು. ನಾಲಿಗೆ ಚಾಚಿದೆ. ಅನ್ನದ ವಾಸನೆಯಿತ್ತು. ವಾದಿರಾಜನದು ಇರಲಿಲ್ಲ.

ನಾನು ಒಂದು ಹಾವು. ಆಫ್ರಿಕದ ಕಡೆಯ ಸಣ್ಣ ಜಾತಿಯ ಹೆಬ್ಬಾವು. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವುದೊಂದೇ ನನಗೆ ಗೊತ್ತಿರುವ ಶೌರ್ಯ. ಹುಟ್ಟಿದ್ದು ಮಾತ್ರ ಹುಬ್ಬಳ್ಳಿಯಲ್ಲಿ, ಇಮ್ತಿಯಾಜನ ಮಾಳಿಗೆಯ ಕೋಣೆಯಲ್ಲಿ. ವಾದಿರಾಜ ಅವನ ಗೆಳೆಯ. ಒಂದು ದಿನ ನನ್ನನ್ನು ಮಣಿಕಟ್ಟಿಗೆ ಸುತ್ತಿಕೊಂಡು ಕೇಳಿದ: "ಲೇ ಇಮ್ತಿ, ಇದು ಪೊರಿ ಬಿಡೋದು ಒಮ್ಮೆ ಕಣ್ಣಾರೆ ನೋಡಬೇಕಲೇ. ಅಲ್ಲೀತನಕ ಕೊಡು. ಬಿಟ್ಟ ಮರುದಿನ ತಂದು ಕೊಡ್ತೀನಿ."

"ಮೊದಲ ನಿನ್ನ ಹೆಂಡ್ತಿ ನಿನಗ ಮನಿ ಬಿಡಸ್ತಾಳ ನೋಡು," ಎಂದ ಇಮ್ತಿಯಾಜ್.

ಬಿಡಿಸಲಿಲ್ಲ. ಆದರೆ ಮೃದುಲಾ ನನ್ನನ್ನು ಮುಟ್ಟುತ್ತಲೂ ಇರಲಿಲ್ಲ. ದೂರ ಕುಳಿತು, ನಾವಿಬ್ಬರೂ ಟೀವಿ ನೋಡುವುದನ್ನು ನೋಡುತ್ತಿದ್ದಳು. ಅವನ ಕೈ ಎಷ್ಟು ಬಿಸಿ! ಬಿಸಿಯಿಂದಲೇ ಕೈ ಗುರುತಿಸುವ ಜಾತಿ ನಮ್ಮದು.

ನನ್ನ ಕಣ್ಣಿಗೆ, ಪೊರೆ ಬಿಡುವ ಮುನ್ನ ಬರುವ ಹಾಲುನೀಲಿ ಮಬ್ಬು ಕವಿಯಿತು. "ಇನ್ನೇನು ಬಂತು," ಎಂದು ಅವನು ಕುರ್ಚಿ ಎಳೆದುಕೊಂಡು ಕೂತ. ಆ ವಾರವೇ ಅವನ ಹೃದಯ ನಿಂತಿತು.

ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಉಳಿಸುವುದಿಲ್ಲ. ಅವನನ್ನು ಹೊರಗೆ ಒಯ್ದ ಮೇಲೆ ಅವನ ಸೋದರತ್ತೆ ಅಂಬಕ್ಕ ಹಂಡೆ, ಕೊಡ, ತಂಬಿಗೆಗಳ ನೀರೆಲ್ಲ ಚೆಲ್ಲಿ ಬೋರಲು ಹಾಕಿದರು. ನನ್ನ ಬೋಗುಣಿಯನ್ನೂ ಬಿಡಲಿಲ್ಲ. ಆಮೇಲೆ ಎಲ್ಲ ಪಾತ್ರೆ ತುಂಬಿದವು, ನನ್ನದು ಮರೆತುಹೋಯಿತು. ತಲೆಯ ಮೇಲಿನ ಬಿಸಿದೀಪ ಮಾತ್ರ ಉರಿಯುತ್ತಲೇ ಇತ್ತು. ಒಣಗಾಳಿಯಲ್ಲಿ ಪೊರೆ ಇಡಿಯಾಗಿ ಬರುವುದಿಲ್ಲ. ಚಿಂದಿಚಿಂದಿಯಾಗಿ ಮೈಗಂಟಿತು. ಕಣ್ಣಿನ ಮೇಲೆ ಉಳಿಯಿತು. ಬಾಲದ ತುದಿಯಲ್ಲಿ ಉಂಗುರದಂತೆ ಬಿಗಿಯಿತು.

ಕುಕ್ಕರ್ ಕೂಗಿದ ಆ ಬೆಳಿಗ್ಗೆ ಮೃದುಲಾ ಪೆಟ್ಟಿಗೆಯ ಹತ್ತಿರ ಬಂದಳು.

"ಅತ್ಯಾ, ಇದರ ನೀರು?"

"ಅಯ್ಯ, ಸೂತಕದ ನೀರಲ್ಲೇನ! ಹಾವಿಗೇನು ಬ್ಯಾರೆ ಶಾಸ್ತ್ರ ಅದನ?" ಅಂಬಕ್ಕ ಬಗ್ಗಿ ನನ್ನನ್ನು ನೋಡಿ ಮೆತ್ತಗಾದರು. "ಕೃಷ್ಣಾ... ಉಗರಿಲೆ ಎಬ್ಬಿಸಿ ತಗದುಬಿಡು ಮತ್ತ."

ಮೃದುಲಾ ಇಮ್ತಿಯಾಜನಿಗೆ ಫೋನ್ ಹಚ್ಚಿ, ಪೊರೆ ಅಂಟಿದ್ದನ್ನು ಹೇಳಿ, ಪೆಟ್ಟಿಗೆಯ ಮೇಲಿಟ್ಟಳು.

"ವೈನಿ, ಎಳೀಬ್ಯಾಡ್ರಿ! ಕಣ್ಣಿಂದು ಎಳದ್ರ ಕಣ್ಣ ಹೋಗ್ತದ. ಬಾಲಕ್ಕ ರಕ್ತ ಹರೀಲಿಲ್ಲಂದ್ರ ತುದಿ ಸಾಯ್ತದ. ಉಗುರುಬೆಚ್ಚನ ನೀರಾಗ ಇಡ್ರಿ, ಒದ್ದಿ ಅರಿವ್ಯಾಗ ಹರದಾಡಸ್ರಿ. ಇಲ್ಲಾ, ನಾನ ಬಂದು ಒಯ್ಲೇನು?"

"ಬ್ಯಾಡ್ರಿ. ಇನ್ನೂ ಪೊರಿ ಬಿಟ್ಟಿಲ್ಲ," ಎಂದಳು.

ಅಂದು ಮೊದಲ ಸಲ ಅವಳ ಕೈ ನನ್ನನ್ನು ಎತ್ತಿತು. ತಣ್ಣಗಿನ ಕೈ. ನಾನು ಚೆಂಡಾದೆ. ಬೆಚ್ಚನ ನೀರಿನಲ್ಲಿಟ್ಟು ತೆಗೆದು, ವಾದಿರಾಜನ ಹತ್ತಿಯ ಜುಬ್ಬಾ ಒದ್ದೆ ಮಾಡಿ, ಅದರ ತೋಳಿನ ಬಾಯಿ ನನ್ನ ಮುಂದೆ ಹಿಡಿದಳು. ಒಗೆದರೂ ಹೊಲಿಗೆಯಲ್ಲಿ ಅವನಿದ್ದ. ಅವನನ್ನು ಹುಡುಕುತ್ತ ಒಳಹೊಕ್ಕೆ. ಆಚೆ ತುದಿಯಲ್ಲಿ ಅವಳ ಬೆರಳುಗಳಿದ್ದವು.

ದಿನಾ ಹೀಗೆ. ಚೂರುಚೂರೇ ಕಳಚಿತು. ಬಾಲದ ಉಂಗುರವೂ ಬಿಟ್ಟಿತು. ಕಣ್ಣಿನದು ಮಾತ್ರ ಉಳಿಯಿತು. ಒಂದು ಬೆಳಿಗ್ಗೆ ನೀರು ತಂದವಳು ಪೆಟ್ಟಿಗೆ ತೆರೆಯದೆ ಕುಳಿತಳು. ಇದೂ ಬಿಟ್ಟರೆ ನಾನು ಹೊರಡಬೇಕು. ನೀರು ಆರಿತು. ಅವಳು ಎದ್ದು ಹೋಗಿ ಮತ್ತೆ ಬೆಚ್ಚಗೆ ಮಾಡಿ ತಂದಳು.

ತೋಳಿನಿಂದ ಹೊರಬಂದಾಗ ಕಣ್ಣಿನ ಪೊರೆ ಬಟ್ಟೆಗೆ ಅಂಟಿ ಉಳಿದಿತ್ತು. ಎಷ್ಟೋ ದಿನದ ಮೇಲೆ ಒಂದು ಮುಖ ಕಂಡಿತು. ಅವನದಲ್ಲ. ಆದರೂ ನೋಡಿದೆ.

ಈಗ ನನಗೆ ವಯಸ್ಸಾಗಿದೆ. ಆಮೇಲೆ ಎಷ್ಟೋ ಪೊರೆಗಳನ್ನು ಇಡಿಯಾಗಿ, ಕಾಲುಚೀಲ ಕಳಚಿದಂತೆ ಬಿಟ್ಟಿದ್ದೇನೆ. ಮೈ ನೆನಪಿಟ್ಟುಕೊಂಡಿರುವುದು ಚಿಂದಿಯಾದ ಅದೊಂದನ್ನೇ.

ಕಣ್ಣಿನ ಪೊರೆ ಬಿಟ್ಟ ಮರುದಿನ ಬಸ್ಸಿನಲ್ಲಿ, ಅವಳ ಮಡಿಲ ಮೇಲಿನ ಬಟ್ಟೆಚೀಲದಲ್ಲಿ ಹುಬ್ಬಳ್ಳಿಗೆ ಬಂದೆ.

"ಇನ್ನಷ್ಟು ದಿನ ಇಟ್ಕೋರಿ ವೈನಿ. ಯಾರು ಕೇಳ್ಯಾರ?" ಎಂದ ಇಮ್ತಿಯಾಜ್.

"ಮರುದಿನ ತಂದು ಕೊಡ್ತೀನಿ ಅಂದಿದ್ರಲ್ಲ ಅವರು."

"ಪಾಪ, ವಾದಿಗೆ ನೋಡಲಿಕ್ಕೆ ಆಗಲೇ ಇಲ್ಲ."

"ನಾ ನೋಡಿದೆ," ಎಂದಳು.

ನಾನು ಅವಳ ಮಣಿಕಟ್ಟಿಗೆ ಸುತ್ತಿಕೊಂಡಿದ್ದೆ. ಅದು ಬಿಸಿಯಾಗಿತ್ತು. ಬಾಲದ ಕಡೆಯಿಂದ ಒಂದೊಂದೇ ಸುತ್ತು ಬಿಡಿಸಿ, ಅವಳು ನನ್ನನ್ನು ಅವನ ಕೈಗೆ ಕೊಟ್ಟಳು.