ಹಿಮ್ಮೇಳವಿಲ್ಲದ ಉಸಿರು

೧೯೮೬ರ ಮಾರ್ಚ್ ೧೬, ರವಿವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಹುನಗುಂದದ ಶಾಲೆಯೊಂದರ ಅಂಗಳದಲ್ಲಿ, ಚಪ್ಪರದ ಕೆಳಗೆ, ಅಮಸಿದ್ದಪ್ಪ ಮೈಕಿನ ಮುಂದೆ ನಿಂತು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ. ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಹಾಡಿನ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಏಕೆ ಕರೆದಿದ್ದಾರೆಂಬುದು ಸಂಘಟಕ ಗಾಳೆಪ್ಪ ಬಗ್ಗಿ ಪಿಸುಗುಟ್ಟಿದಾಗಲೇ ತಿಳಿದದ್ದು.

"ಸರ, ಇಂವಾ ಬಾಯಿ ಅಷ್ಟ ಆಡಸ್ತಾನ. ದನಿ ಡಬ್ಬ್ಯಾಗಿಂದು ಅಂತ ಮಂದಿಗೆ ಗುಮಾನಿ. ನೀವು ಮಷಿನ್ ಬಲ್ಲವರು, ಹಿಡೀರಿ."

ಅಮಸಿದ್ದಪ್ಪನ ಹೆಸರಿಗೆ ಗುಮಾನಿ ಹೊಸದಲ್ಲ. ಒಂಬತ್ತು ವರ್ಷಗಳ ಹಿಂದೆ ಕಮತಗಿಯಿಂದ ಬಾಗಲಕೋಟೆಗೆ ಓಟದ ಪಂದ್ಯ ನಡೆದಿತ್ತು. ಕುರಿಗಳ ಹಿಂದೆ ಬೆಳೆದ ಈತ ಇಪ್ಪತ್ತೊಂದು ಕಿಲೋಮೀಟರನ್ನು ಅರವತ್ತೆರಡು ನಿಮಿಷದಲ್ಲಿ ಮುಗಿಸಿದ. ಎರಡನೆಯವನು ಕಣ್ಣಿಗೆ ಬೀಳುವ ಹೊತ್ತಿಗೆ ಈತ ಚಹಾ ಕುಡಿದು ಕುಳಿತಿದ್ದ. ಪರದೇಶದ ಹೆಸರಾಂತ ಪಟುಗಳ ವೇಗ ಅದು. ಲೆಕ್ಕ ಹಾಕಿದ ಯಾರಿಗಾದರೂ ನಡುದಾರಿಯಲ್ಲಿ ಹತ್ತಿದ ಲಾರಿಯೇ ಕಾಣುತ್ತಿತ್ತು. ಗಾಳೆಪ್ಪನ ಸಮಿತಿ ಕೊರಳಿಗೆ ಹಾಕಿದ್ದ ಪದಕವನ್ನು ಮರುದಿನ ಬಿಚ್ಚಿಸಿಕೊಂಡಿತು.

ಆಮೇಲೆ ಆತ ಓಡಲಿಲ್ಲ. ಮುಂಬಯಿಗೆ ಹೋಗಿ ಬಂದರಿನ ಬಳಿ ಒಂದು ಹೋಟೆಲಿನಲ್ಲಿ ದುಡಿದ. ಅಲ್ಲಿ ಅಮೆರಿಕದ ಹಡಗಿನವನೊಬ್ಬ ಕೊಟ್ಟ ಹಿಪ್ ಹಾಪ್ ಕ್ಯಾಸೆಟ್ಟನ್ನು ತೇಯುವವರೆಗೆ ಕೇಳಿದ. ಊರಿಗೆ ಮರಳಿ, ಡೊಳ್ಳಿನ ಹೊಡೆತವನ್ನೂ ಇಳಕಲ್ಲಿನ ಕೈಮಗ್ಗದ ಸದ್ದನ್ನೂ ಟೇಪಿನಲ್ಲಿ ಹಿಡಿದು, ಅದರ ಮೇಲೆ ಕನ್ನಡದ ಮಾತನ್ನು ಓಡಿಸತೊಡಗಿದ. ಬಾದಾಮಿಯವರೆಗೂ ಮದುವೆಗಳಿಗೆ ಕರೆ ಬರುತ್ತಿತ್ತು. ಈ ದಿನ ಗೆದ್ದವರ ಹಾಡನ್ನು ಹುಬ್ಬಳ್ಳಿಯ ಒಂದು ಕಂಪನಿ ಕ್ಯಾಸೆಟ್ ಮಾಡಲಿತ್ತು. ಸೋತರೆ ಮದುವೆಗಳು ಇದ್ದೇ ಇದ್ದವು. ಮೋಸಗಾರನೆಂದು ಇನ್ನೊಮ್ಮೆ ಅನ್ನಿಸಿಕೊಂಡರೆ ಅವೂ ಇರುವುದಿಲ್ಲ.

"ಊರ ಅಂತೈತಿ ಲಾರಿ ಲಾರಿ, ಕಾಲ ಅಂತಾವ ದಾರಿ ದಾರಿ,
ಕಂಡವರಿದ್ರ ಮುಂದ ಬರ್ರಿ, ನಂಬರ ಹೇಳ್ರಿ, ಬಣ್ಣ ಹೇಳ್ರಿ!"

ಮಾತು ಎಲ್ಲಿಯೂ ತುಂಡಾಗಲಿಲ್ಲ. ನಾನು ಎದೆಯ ಏರಿಳಿತ ನೋಡಲು ಯತ್ನಿಸಿದೆ. ಮುಂಬಯಿಯ ದೊಗಳೆ ಕೋಟು ಅದನ್ನು ಮುಚ್ಚಿತ್ತು. ಟೇಪಿನಲ್ಲಿ ಒಂದು ಕೋಳಿಯ ಕೂಗು ಸಣ್ಣಗೆ, ಅದೇ ಜಾಗದಲ್ಲಿ, ಮತ್ತೆ ಮತ್ತೆ ಬರುತ್ತಿತ್ತು. ಒಂದೇ ತುಣುಕನ್ನು ಜೋಡಿಸುತ್ತ ಹೋಗಿದ್ದಾನೆ. ಸದ್ದನ್ನು ಜೋಡಿಸಬಲ್ಲವನು ದನಿಯನ್ನು ಜೋಡಿಸಲಾರನೆ?

ಆಗ ಕಲಾದಗಿಯ ಲಗಮವ್ವ ಎದ್ದಳು. ಆಗಲೇ ಹಾಡಿ ಮುಗಿಸಿದ್ದ ಹಿರಿಯ ಗೀಗೀ ಹಾಡುಗಾರ್ತಿ.

"ಸರ, ನಮ್ಮ ಹಿಮ್ಮೇಳದವರು ಗೀ ಗೀ ಅಂತ ಎಳದಾಗ ನಾ ಉಸರ ತಗೋತೇನಿ. ಇವನ ಹಿಂದ ಒಂದ ನಾಯಿನೂ ಇಲ್ಲ. ಇಂವಾ ಎಲ್ಲಿ ತಗೋತಾನ? ಉಸರ ಬ್ಯಾಡಂದ್ರ ಒಂದ ಸತ್ತಿರಬೇಕು, ಇಲ್ಲಾ ಡಬ್ಬ್ಯಾಗ ಇರಬೇಕು!"

ಚಪ್ಪರವೆಲ್ಲ ನಕ್ಕಿತು. ನಾನು ಮೈಕ್ ಸೆಟ್ಟಿನ ಇಬ್ರಾಹಿಂಸಾಬನಿಗೆ ಕೈ ಮಾಡಿದೆ. ಆತ ವಿದ್ಯುತ್ ತೆಗೆದ. ಮೈಕು ಸತ್ತಿತು. ಡೊಳ್ಳು, ಮಗ್ಗ, ಮಾತು ಮೂರೂ ಸಣ್ಣಗೆ ಮುಂದುವರಿದವು.

"ಡಬ್ಬಿ ಸೆಲ್ ಮ್ಯಾಲ ನಡದೈತ್ರಿ!" ಯಾರೋ ಕೂಗಿದರು. "ಕಳ್ಳ ಸಿಕ್ಕ ಲೇ!"

ಅಮಸಿದ್ದಪ್ಪ ಟೇಪ್ ನಿಲ್ಲಿಸಿದ.

"ಸೆಲ್ ತಗೀತೇನ್ರಿ. ಆದ್ರ ಈ ಸಲ ಎದುರ ಕುಂತು ನೋಡ್ರಿ. ಆವತ್ತ ದಾರ್ಯಾಗ ಒಬ್ಬರೂ ನಿಂತಿದ್ದಿಲ್ಲ."

ಸೆಲ್ಲುಗಳನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದ. ಕೋಟು ಕಳೆದಿಟ್ಟ. ಬರಿಯ ಬಾಯಲ್ಲಿ, ಅದೇ ವೇಗದಲ್ಲಿ, ಬಿಟ್ಟಲ್ಲಿಂದ ಹಿಡಿದ. ಈಗ ಮಾತಿನ ನಡುವೆ ಏನೋ ಕೇಳಿಸಿತು: ಮೂಗಿನಿಂದ ಸರಕ್ಕನೆ ಎಳೆದ ಗಾಳಿ. ಮಗ್ಗದ ಬಡಿತ ಬೀಳುತ್ತಿದ್ದ ಜಾಗದಲ್ಲೇ, ಪ್ರತಿ ಸಲವೂ. ಹಾಡುವವರು ಎದೆ ತುಂಬಿಕೊಳ್ಳುವ ರೀತಿಯಲ್ಲ ಅದು. ಓಡುವವರು ಹೆಜ್ಜೆಗೆ ಹೊಂದಿಸಿಕೊಳ್ಳುವ ರೀತಿ.

ಮೊದಲು ಹಿಡಿದವಳು ಲಗಮವ್ವ. ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದಳು, ಆಮೇಲೆ ನಕ್ಕಳು.

"ಉಸರನ್ನ ಮಗ್ಗದ ಹೊಡತದಾಗ ಮುಚ್ಚಿಟ್ಟಾನ್ರಿ! ಎಂಥಾ ಕಳ್ಳ ಅದೀಯೋ ನನ ಮಗನ!"

ದನಿ ಆತನದೇ ಎಂದು ನಾನು ಸಾರಿದೆ. ಬಹುಮಾನವೂ ಆತನದೇ ಆಗಬೇಕಿತ್ತು. ಆದರೆ ಕಂಪನಿಗೆ ಹೆಸರು ಕಳಿಸುವವನು ಗಾಳೆಪ್ಪ.

"ಹಾಡ ಖರೆ ಇರಬಹುದ್ರಿ. ಲಾರಿ ಹತ್ತಿದಾಂವ ಹತ್ತಿದಾಂವನ. ಅಂಥಾವನ ಹೆಸರ ನಾ ಹೆಂಗ ಕಳಸ್ಲಿ?"

"ಹಾಡಂದ್ರ ಇಲ್ಲೇ ಕೇಳಿಸಿದೆ," ಅಂದ ಅಮಸಿದ್ದಪ್ಪ. "ಓಟ ಹೆಂಗ ಕೇಳಸ್ಲಿ?"

ಬಾಗಲಕೋಟೆಯ ಬಸ್ಸಿನಲ್ಲಿ ಆತ ನನ್ನ ಪಕ್ಕದಲ್ಲೇ ಕುಳಿತ. ಕಮತಗಿ ದಾಟಿದ ಮೇಲೆ ಬಸ್ಸು ಎಂದಿನಂತೆ ಡಾಂಬರು ರಸ್ತೆ ಬಿಟ್ಟು ಒಂದು ಹಳ್ಳಿಯೊಳಗೆ ಹೋಯಿತು, ಜನರನ್ನು ಹತ್ತಿಸಿಕೊಂಡು ಬಂದ ದಾರಿಯಲ್ಲೇ ಹೊರಬಂತು. ನಾನು ತಿರುಗಿ ಕೇಳಿದೆ:

"ಓಟದಾಗ ಈ ಹಳ್ಳಿಗೆ ಬಂದಿದ್ಯೇನು?"

"ಇಲ್ರಿ. ಸೀದಾ ದಾರಿ. ಇಲ್ಲ್ಯಾಕ ಬರ್ಲಿ?"

"ಇಪ್ಪತ್ತೊಂದು ಅಂತ ಯಾರು ಅಳೆದಿದ್ರು?"

"ಯಾರ ಅಳೀತಾರ್ರಿ? ಗಾಳೆಪ್ಪಾರು ಬಸ್ಸಿನ ಕಂಡಕ್ಟರ್‌ನ ಕೇಳಿದ್ರು. ನಮ್ಮೆದುರಿಗೇ ಕೇಳಿದ್ರು."

ಕಂಡಕ್ಟರ್ ಹೇಳಿದ ದೂರದಲ್ಲಿ ಈ ಹಳ್ಳಿಯ ಸುತ್ತೂ ಸೇರಿರಬೇಕು. ಆಗಲೂ ನಾನು ಆತನನ್ನು ಪೂರ್ತಿ ನಂಬಲಿಲ್ಲ. ನಂಬುವ ಮೊದಲು ಅಳೆಯಬೇಕಿತ್ತು. ಗಾಳೆಪ್ಪನೊಂದಿಗೆ ಮೊದಲೇ ಕರಾರು ಮಾಡಿಕೊಂಡೆ: ದೂರ ಇಪ್ಪತ್ತು ದಾಟಿದರೆ ಲಾರಿ ಎಂದು ನಾನೇ ಒಪ್ಪುತ್ತೇನೆ, ಹದಿನೆಂಟಕ್ಕಿಂತ ಕಡಿಮೆಯಾದರೆ ಆ ಸಮಯ ಒಳ್ಳೆಯ ಓಟಗಾರನ ಕಾಲಿಗೆ ದಕ್ಕುವಂಥದ್ದು, ಹೆಸರು ಅದೇ ದಿನ ಹುಬ್ಬಳ್ಳಿಗೆ ಹೋಗಬೇಕು.

"ನಡುವ ಬಂದ್ರ?"

"ನಡುವೆ ಬಂದರೆ ನನಗೂ ಗೊತ್ತಿಲ್ಲ."

ಮುಂದಿನ ರವಿವಾರ ಸೈಕಲ್ಲಿನ ಗಾಲಿಯ ಸುತ್ತಳತೆ ತೆಗೆದು, ಸುತ್ತು ಎಣಿಸುವ ಪ್ರಯೋಗಾಲಯದ ಯಂತ್ರವನ್ನು ಅದಕ್ಕೆ ಕಟ್ಟಿದೆ. ಕಮತಗಿಯಿಂದ ಸೀದಾ ದಾರಿ ಹಿಡಿದೆ. ಗಾಳೆಪ್ಪ ಇನ್ನೊಂದು ಸೈಕಲ್ಲಿನಲ್ಲಿ ನನ್ನ ಹಿಂದೆಯೇ ಬಂದ, ಯಂತ್ರದ ಮೇಲಿನ ಕಣ್ಣು ತೆಗೆಯದೆ. "ಓಡಿದಾವಗಿಂತ ನಮಗ ಭಾಳ ತ್ರಾಸ ಆತಲ್ರಿ," ಎಂದು ಏದುಸಿರು ಬಿಟ್ಟ. ಅಮಸಿದ್ದಪ್ಪ ಓಟ ಮುಗಿದಿದ್ದ ಕಂಬದ ಬಳಿ ಕಾಯುತ್ತಿದ್ದ. ಅಂಕಿಯನ್ನು ಗಾಳೆಪ್ಪನೇ ಓದಿದ, ನಾನು ಗುಣಿಸಿದೆ, ಆತ ನಂಬದೆ ತಾನೂ ಗುಣಿಸಿದ.

ದೂರ ಹದಿನೇಳು ಕಿಲೋಮೀಟರ್ ನಾನೂರು ಮೀಟರ್.